ಆರು, ಹೆಚ್ಚು, ಎಂಟು

ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ನಂಜಪ್ಪನವರ ಹಿಟ್ಟಿನ ಗಿರಣಿ ಇನ್ನೂ ಬಾಗಿಲು ತೆರೆದಿಲ್ಲ. ಹಾಲಿನ ವ್ಯಾನು ಈಗಷ್ಟೇ ಬಂದು ಹೋಗಿದೆ. ಗಿರಣಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ತಗಡಿನ ಸೂರಿನ ಒಂದು ಉದ್ದನೆಯ ಕೋಣೆ ಸಿಗುತ್ತದೆ. ಅದರ ನಡುವೆ ಪ್ಲೈವುಡ್ಡು ಮತ್ತು ಅಲ್ಯೂಮಿನಿಯಂ ಹಾಳೆಗಳಿಂದ ಕಟ್ಟಿದ, ರೆಕ್ಕೆಯೂ ಚಕ್ರವೂ ಇಲ್ಲದ ವಿಮಾನದ ಮೂತಿಯೊಂದು ಮಲಗಿದ ಎಮ್ಮೆಯ ಹಾಗೆ ಕೂತಿದೆ. ಒಂದರ ಹಿಂದೊಂದು ಎರಡು ಸೀಟು. ಹಿಂದಿನ ಸೀಟಿನಲ್ಲಿ ಬಿಂದುಶ್ರೀ ಇದ್ದಾರೆ. ಚಪ್ಪಲಿಯನ್ನು ಕೆಳಗೇ ಬಿಟ್ಟಿದ್ದಾರೆ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದಿದ್ದಾರೆ, ಕಣ್ಣು ಮುಚ್ಚಿದ್ದಾರೆ.

"ಗೂಟ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಎಡಗೈ ಒಂದು ತಿರುಗುಣಿಯನ್ನು ಟಕಟಕ ತಿರುಗಿಸುತ್ತದೆ. "ಕಟ್ಟು." ಬಲಗೈ ಹೆಬ್ಬೆರಳು ಕಡಲೆಕಾಳಿನಷ್ಟಿರುವ ಗುಂಡಿಯನ್ನು ಮುಂದಕ್ಕೆ ನೂಕುತ್ತದೆ. "ಚಿಲಕ." ಕೆಂಪು ಮುಚ್ಚಳವನ್ನು ಎತ್ತಿ, ಒಳಗಿನ ಸ್ವಿಚ್ಚನ್ನು ಮೇಲಕ್ಕೆ ಹಾಕುತ್ತಾರೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. "ಬಿಡು." ತೋರುಬೆರಳು ಒಮ್ಮೆ ಮಡಚುತ್ತದೆ. ಮರುಕ್ಷಣವೇ ಕೆಂಪು ಮುಚ್ಚಳ ಟಪ್ಪನೆ ಕೆಳಗೆ ಬೀಳುತ್ತದೆ. "ಚಿಲಕ ಹಾಕಿದೆ."

ಎದುರಿನ ತೆರೆಗಳಿಗೆ ಇನ್ನೂ ಕರೆಂಟು ಕೊಟ್ಟಿಲ್ಲ. ಕತ್ತಲಲ್ಲೇ ಹೀಗೆ ಹತ್ತಾರು ಸಲ ಕೈ ಆಡಿಸಿದ ಮೇಲೆ ಅವರು ಕಣ್ಣು ಬಿಡುತ್ತಾರೆ.

"ಕೈಗೆ ಗೊತ್ತಾಗ್ಬೇಕು ಸರ್. ಕಣ್ಣು ಹೊರಗಡೆ ಇರತ್ತಲ್ಲ, ಅದಕ್ಕೆ ಒಳಗಡೆ ನೋಡೋಕೆ ಬಿಡುವಿರಲ್ಲ," ಎಂದು ಪತ್ರಿಕೆಯಿಂದ ಬಂದವರಿಗೆ ಹೇಳುತ್ತಾರೆ. ಆಮೇಲೆ ನಕ್ಕು, "ನಮ್ಮಮ್ಮ ಸೊಪ್ಪಿನ ಕಟ್ಟು ಕಟ್ಟೋವಾಗ ಬೀದೀಲಿ ಹೋಗೋರನ್ನೆಲ್ಲ ಮಾತಾಡಿಸ್ತಿರ್ತಾಳೆ. ಕಟ್ಟು ಮಾತ್ರ ತಾನಾಗೇ ಆಗ್ತಿರತ್ತೆ. ಹಂಗೆ," ಎಂದು ಸೇರಿಸುತ್ತಾರೆ.

ಬಿಂದುಶ್ರೀ ಅವರಿಗೆ ಮೂವತ್ತೈದು ವರ್ಷ. ಅವರು ಕೂತಿರುವುದು ನೆಲದಾಳಿ ವಿಮಾನವೊಂದರ ಸಿಮ್ಯುಲೇಟರಿನಲ್ಲಿ. ತಗ್ಗಿನಲ್ಲಿ ಹಾರಿ ಬಂದು, ನೆಲದ ಮೇಲಿನ ಗುರಿಗೆ ಬಾಂಬು, ರಾಕೆಟ್ಟು ಹಾಕಿ ಹೋಗುವ ವಿಮಾನಗಳಿಗೆ ಆ ಹೆಸರು. ಅಂಥ ಹಳೆಯ ವಿಮಾನವೊಂದು ಸೇವೆ ಮುಗಿಸಿ, ಉತ್ತರದ ಜಿಲ್ಲೆಯೊಂದರ ಊರಿನಲ್ಲಿ ಕಟ್ಟೆಯ ಮೇಲೆ ನಿಂತಿದೆ. ಅದರ ಪಕ್ಕದಲ್ಲೇ ಒಂದು ಪ್ರದರ್ಶನ ಭವನ ಏಳುತ್ತಿದೆ. ಬಂದವರು ಅದೇ ವಿಮಾನದಲ್ಲಿ ಕೂತು ಹಾರಿಸಿದಂತೆ, ಗುರಿ ಇಟ್ಟಂತೆ ಅನುಭವಿಸಲಿ ಎಂದು ಭವನದವರು ಈ ಯಂತ್ರವನ್ನು ಮಾಡಿಸುತ್ತಿದ್ದಾರೆ. ಮಾಡುತ್ತಿರುವವರು ಮಲ್ಲೇಶ್ವರದ ಇಂಜಿನಿಯರು ರಾಘವ. ಮುಂದಿನ ಸೀಟು ಹಾರಿಸುವವರದು, ಹಿಂದಿನದು ಆಯುಧ ನೋಡಿಕೊಳ್ಳುವವರದು. ಆ ಹಿಂದಿನ ಸೀಟನ್ನು ದಿನವಿಡೀ ಬಳಸಿ, ಎಲ್ಲಿ ಕೈಕೊಡುತ್ತದೆಂದು ಕಂಡುಹಿಡಿದು ಸರಿಮಾಡುವುದು ಬಿಂದುಶ್ರೀ ಅವರ ಕೆಲಸ. ನಾಳೆ ಸಾವಿರ ಜನ ತಿರುಗಿಸುವ ತಿರುಗುಣಿಯನ್ನು ಅವರೊಬ್ಬರೇ ಸಾವಿರ ಸಲ ತಿರುಗಿಸಿಡುತ್ತಾರೆ.

ಇಂದು ಶನಿವಾರ. ಎಂಟು ಗಂಟೆಗೆ ವಿಂಗ್ ಕಮಾಂಡರ್ ಆತ್ರೇಯ ಬರುತ್ತಾರೆ. ಬಸವನಗುಡಿಯಲ್ಲಿರುವ ಈ ನಿವೃತ್ತ ಅಧಿಕಾರಿ ಒಂದು ಕಾಲಕ್ಕೆ ಇಂಥ ವಿಮಾನವನ್ನೇ ಹಾರಿಸಿದವರು. ಭವನದ ಪರವಾಗಿ ಯಂತ್ರವನ್ನು ಒಪ್ಪುವುದು, ಬಿಡುವುದು ಅವರ ಕೈಯಲ್ಲಿದೆ. ಕಳೆದ ಶನಿವಾರ ಅವರು ಒಪ್ಪಲಿಲ್ಲ. ಇವತ್ತೂ ಒಪ್ಪದಿದ್ದರೆ ಯಂತ್ರವೇನೂ ಮೂಲೆಗೆ ಬೀಳುವುದಿಲ್ಲ. ಆದರೆ ಹಿಂದಿನ ಸೀಟಿನ ಫಲಕದಲ್ಲಿರುವ ಕನ್ನಡದ ಮಾತುಗಳೆಲ್ಲ ಹೋಗಿ ಇಂಗ್ಲಿಷಿನ ಚೀಟಿಗಳು ಬರುತ್ತವೆ. ಗೂಟ, ಚಿಲಕ, ಕಟ್ಟು ಎಂಬ ಆ ಮಾತುಗಳನ್ನು ಅಲ್ಲಿಗೆ ತಂದವರು ಬಿಂದುಶ್ರೀ.

ಅವರು ಇಷ್ಟು ಬೇಗ ಬರುವುದಕ್ಕೆ ಕಾರಣ ಕೆಳಗಿನ ಗಿರಣಿ. ಏಳೂವರೆಗೆ ನಂಜಪ್ಪನವರು ಬೆಲ್ಟು ಓಡಿಸಿದರೆಂದರೆ ಮೇಲಿನ ನೆಲ ಸಣ್ಣಗೆ ನಡುಗಲು ಹತ್ತುತ್ತದೆ. ತೆರೆಯ ಮೇಲೆ ಗುರಿಯ ಚುಕ್ಕೆಯೂ ಅದರ ಜೊತೆ ನಡುಗುತ್ತದೆ. "ಆಮೇಲೆ ಯಾವ್ದು ನನ್ನ ಕೈಯಿಂದ ಆದ ತಪ್ಪು, ಯಾವ್ದು ನಂಜಪ್ಪನವರ ರಾಗಿಯಿಂದ ಆದ ತಪ್ಪು ಅಂತ ಹೇಳೋಕಾಗಲ್ಲ," ಎನ್ನುತ್ತಾರೆ. ಹಾಗಾಗಿ ನಾಜೂಕಿನ ಕೆಲಸವೆಲ್ಲ ಬೆಳಗಿನ ಹೊತ್ತಿಗೆ. ಗಿರಣಿ ಶುರುವಾಗುವಷ್ಟರಲ್ಲಿ ನಲವತ್ತು ಸಲ ಗುರಿಯ ಮೇಲೆ ಹಾದು ಹೋಗಿರುತ್ತಾರೆ. ಹಗಲೆಲ್ಲ ಬೆಸುಗೆ, ತಂತಿ, ಸ್ಕ್ರೂ.

ರಾಗಿಯಾದರೂ ವಾಸಿ. ಮೆಣಸಿನಕಾಯಿ ಕುಟ್ಟುವ ದಿನ ಇಡೀ ಕಟ್ಟಡ ಸೀನುತ್ತದೆ. ಹೋದ ವರ್ಷ ರಾಘವ ಹಿಂದಿನ ಸೀಟಿನಲ್ಲಿ ಕೂತು, ಮೊದಲೇ ಚಿಲಕ ತೆಗೆದಿಟ್ಟುಕೊಂಡು, ವಿಮಾನ ಇನ್ನೂ ರನ್‌ವೇ ಮೇಲಿರುವಾಗ ಸೀನಿಬಿಟ್ಟರು. ಬೆರಳು ಗುಂಡಿಯ ಮೇಲಿತ್ತು. ನಾಲ್ಕು ಬಾಂಬು ತಮ್ಮದೇ ರನ್‌ವೇಗೆ ಬಿದ್ದವು.

"ಅವತ್ತಿಂದ ರೂಲ್ಸು," ಎಂದು ಬಿಂದುಶ್ರೀ ಗಂಭೀರವಾಗಿ ಹೇಳುತ್ತಾರೆ. "ಚಿಲಕ ಕೊನೇಲಿ ತೆಗೀಬೇಕು, ಮೊದಲು ಹಾಕ್ಬೇಕು. ಸೀನು ಬಂದ್ರೆ ಮೊದಲು ಚಿಲಕ, ಆಮೇಲೆ ಕರ್ಚೀಫು."

"ಇವರು ಇದನ್ನ ಎಲ್ಲರ ಹತ್ರಾನೂ ಹೇಳ್ತಾರೆ," ಎಂದು ತಂತಿ ಸುತ್ತುತ್ತ ಕೂತಿದ್ದ ರಾಘವ ಗೊಣಗುತ್ತಾರೆ. "ಪೇಪರ್‌ನಲ್ಲೂ ಬರೋ ಹಂಗೆ ಮಾಡಿದ್ರಿ."

ಬಿಂದುಶ್ರೀ ಅವರ ಮನೆ ಇಲ್ಲಿಂದ ಎರಡು ರಸ್ತೆ ಆಚೆ, ಒಂದು ವಠಾರದಲ್ಲಿ. ತಂದೆ ಮುನಿರಾಮಪ್ಪ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ ಗಾಡಿಯ ಹಿಡಿಗೆ ತಾಯಿ ದ್ರೌಪದಮ್ಮ ಕೈಹಾಕಿದರು. ತಂದೆ ಈಗ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿದು ಕೊಡುತ್ತಾರೆ, ಹೋಗಿ ಬರುವವರಿಗೆಲ್ಲ ಮಳೆ ಯಾವಾಗ ಬರುತ್ತದೆಂದು ಹೇಳುತ್ತಾರೆ. ಮಗಳು ಓದಿನಲ್ಲಿ ಹಿಂದೇನೂ ಇರಲಿಲ್ಲ. ಪಿಯುಸಿಯಲ್ಲಿ ಇಂಗ್ಲಿಷು ಮಾತ್ರ ಎರಡು ಸಲ ಅಡ್ಡ ಮಲಗಿತು. ಆಗ ಐಟಿಐಗೆ ಸೇರಿ ಬೆಸುಗೆ ಕಲಿತರು. ಸ್ಟೆಬಿಲೈಸರ್ ಮಾಡುವ ಚಿಕ್ಕ ಕಾರ್ಖಾನೆಯೊಂದರಲ್ಲಿ ಏಳೆಂಟು ವರ್ಷ ಕೆಲಸವಿತ್ತು. ಅದು ಬಾಗಿಲು ಹಾಕಿದ ಮೇಲೆ ಒಂದು ವರ್ಷ ತಾಯಿಯ ಜೊತೆ ಗಾಡಿ ತಳ್ಳಿದರು. ಗಿರಣಿಗೆ ಅಕ್ಕಿ ತಂದ ದಿನ ನಂಜಪ್ಪನವರೇ, "ಮ್ಯಾಲಿನೋರು ಬೆಸುಗೆ ಹಾಕೋರನ್ನ ಹುಡುಕ್ತಾವ್ರೆ, ಹೋಗಿ ಕೇಳು. ಏನು ಮಾಡ್ತಾರೋ ನಂಗೊತ್ತಿಲ್ಲ, ವಿಮಾನ ಅಂತಾರೆ, ಇಷ್ಟು ವರ್ಷವಾದ್ರೂ ಒಂದೂ ಕೆಳಗಿಳಿದಿಲ್ಲ," ಎಂದು ಕಳಿಸಿದರು.

ಮೊದಲ ದಿನ ಕೈಗೆ ಸಿಕ್ಕಿದ್ದು ಹಿಂದಿನ ಸೀಟಿನ ಫಲಕ. ಅದರ ಮೇಲೆ ಇಂಗ್ಲಿಷಿನ ಅರ್ಧಂಬರ್ಧ ಅಕ್ಷರಗಳು. "ಇಡೀ ಪದ ಇದ್ದಿದ್ರೆ ಕೂಡಿಸಿಕೊಂಡು ಓದ್ತಿದ್ದೆ. ಇವು ಪದದ ತಲೆ ಕುಯ್ದಿಟ್ಟಂಗಿದ್ವು," ಎನ್ನುತ್ತಾರೆ. ಯಾರನ್ನು ಕೇಳುವುದಕ್ಕೂ ನಾಚಿಕೆ. ಆದ್ದರಿಂದ ಪ್ರತಿ ಸ್ವಿಚ್ಚು ಏನು ಮಾಡುತ್ತದೆಂದು ನೋಡಿ, ತಾವೇ ಹೆಸರಿಟ್ಟುಕೊಂಡರು. ಆಯುಧಗಳೆಲ್ಲಕ್ಕೂ ಒಟ್ಟಿಗೆ ಜೀವ ಕೊಡುವ, ತೆಗೆಯುವ ಸ್ವಿಚ್ಚು ಬಾಗಿಲಿನ ಚಿಲಕದ ಹಾಗೆ ಕಂಡಿತು. ರೆಕ್ಕೆಯ ಕೆಳಗೆ ಬಾಂಬು ತೂಗುವ ಎಂಟು ಜಾಗಗಳು ಗೋಡೆಗೆ ಬಡಿದ ಗೂಟಗಳಾದವು. ಗುರಿಯ ಮೇಲೆ ಚುಕ್ಕೆ ಇಟ್ಟು ಅದು ಜಾರದಂತೆ ಹಿಡಿಯುವುದು ಕರುವನ್ನು ಕಟ್ಟಿದ ಹಾಗೆ, ಅದು ಕಟ್ಟು.

"ಮೊದ್ಲು ನಂಗೆ ಅರ್ಥವಾಗ್ತಿರ್ಲಿಲ್ಲ," ಎಂದು ರಾಘವ ನೆನೆಸಿಕೊಳ್ಳುತ್ತಾರೆ. "'ಚಿಲಕ ಹಾಕಿದೀರಾ' ಅಂತ ಕೇಳಿದ್ರೆ ಎದ್ದು ಹೋಗಿ ಬಾಗಿಲು ನೋಡ್ತಿದ್ದೆ. ಆಮೇಲೆ ನಾನೂ ಅದೇ ಮಾತಾಡೋಕೆ ಶುರು ಮಾಡ್ದೆ. ಭವನಕ್ಕೆ ಬರೋದು ಸುತ್ತಮುತ್ತಲ ಹಳ್ಳಿ ಜನ. ಅವರಿಗೆ ಇದು ಬೇಗ ಹತ್ತತ್ತೆ ಅನ್ನಿಸ್ತು. ಫಲಕದ ಮೇಲೆ ಅದನ್ನೇ ಬರೆಸ್ದೆ."

ಅದು ನಿಜವೋ ಎಂದು ನೋಡಲು ಮೊದಲು ಕೂರಿಸಿದ್ದು ದ್ರೌಪದಮ್ಮನವರನ್ನು. ಮಧ್ಯಾಹ್ನ ಮಗಳಿಗೆ ಊಟ ತಂದಿದ್ದವರು, ಸೆರಗು ಬಿಗಿದು ಏಣಿ ಹತ್ತಿದರು. ಎದುರಿನ ತೆರೆಗಳ ಮೇಲೆ ಬಯಲು ಸೀಮೆಯ ಹೊಲಗಳು ಬಿಚ್ಚಿಕೊಂಡವು. ದೂರದಲ್ಲಿ ಗುರಿಯೆಂದು ಬರೆದ ಸುಣ್ಣದ ದೊಡ್ಡ ವೃತ್ತ. ದ್ರೌಪದಮ್ಮನವರು ಅದನ್ನೇ ದಿಟ್ಟಿಸಿದರು.

"ಅದು ಕಣ ಅಲ್ವೇನಮ್ಮಿ?"

"ಕಣ ಅಲ್ಲಮ್ಮ, ಗುರಿ."

"ಸಾರಿಸಿ ಸುಣ್ಣ ಬಳಿದವ್ರೆ. ಕಣಾನೇ. ಕಣದ ಮ್ಯಾಲೆ ಯಾಕೆ ಹಾಕ್ತೀಯಾ? ರಾಸಿ ಮಾಡೋಕೆ ಜನ ಬಂದಿದ್ರೆ?"

ಮಗಳು ರಾಘವನವರ ಕಡೆ ನೋಡಿದರು. ಅವರ ಯಂತ್ರದ ಬಯಲಿನಲ್ಲಿ ಅಲ್ಲಿಯವರೆಗೆ ಒಂದು ನರಪಿಳ್ಳೆಯೂ ಇರಲಿಲ್ಲ. ವಾರ ಕಳೆಯುವಷ್ಟರಲ್ಲಿ ರಾಘವ ಆ ಬಯಲಿಗೆ ಕುರಿಮಂದೆಯೊಂದನ್ನು ಬಿಟ್ಟರು, ತಲೆಯ ಮೇಲೆ ಹೊರೆ ಹೊತ್ತ ಒಬ್ಬ ಹೆಂಗಸನ್ನು ನಡೆಸಿದರು. ಅವರು ಯಾವಾಗ ವೃತ್ತದೊಳಗೆ ಬರುತ್ತಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಹಿಂದಿನ ಸೀಟಿನವರು ಕಂಡ ತಕ್ಷಣ ಹೇಳಬೇಕಾದ ಒಂದು ಮಾತು ಆಗ ಹುಟ್ಟಿತು: "ಬೇಡ." ಬೇಡ ಅಂದರೆ ಚಿಲಕ ಬೀಳುತ್ತದೆ, ವಿಮಾನ ಪಕ್ಕಕ್ಕೆ ಹೊರಳುತ್ತದೆ, ಯಾಕೆ ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವಂತಿಲ್ಲ.

ದ್ರೌಪದಮ್ಮನವರು ಯಂತ್ರದೊಳಗೆ ಉಳಿದುಕೊಂಡದ್ದು ಇನ್ನೊಂದು ರೀತಿಯಲ್ಲಿ. ವಿಮಾನ ನೆಲಕ್ಕೆ ತೀರಾ ಹತ್ತಿರವಾದಾಗ ಎಚ್ಚರಿಸುವ ಒಂದು ದನಿ ಬೇಕಾಗಿತ್ತು. ರಾಘವ ತಮ್ಮ ದನಿ ಹಾಕಿ ನೋಡಿದರು. "ಬ್ಯಾಂಕ್ನೋರು ಫೋನ್ ಮಾಡ್ದಂಗಿತ್ತು. ದಯವಿಟ್ಟು ಮೇಲೇರಿ ಅಂತ," ಎಂದು ಬಿಂದುಶ್ರೀ ಅಣಕಿಸುತ್ತಾರೆ. ಬಿಂದುಶ್ರೀ ಅವರ ಸ್ವಂತ ದನಿ ಇಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಕೊನೆಗೆ, "ದಂಟೂ ಮೆಂತ್ಯಾ" ಎಂದರೆ ಮೂರನೇ ಮಹಡಿಯವರು ಬುಟ್ಟಿ ಇಳಿಬಿಡುವಂಥ ಗಂಟಲನ್ನೇ ಮೈಕಿನ ಮುಂದೆ ತಂದು ನಿಲ್ಲಿಸಿದರು.

ದ್ರೌಪದಮ್ಮನವರು ಮೈಕನ್ನೂ ಅದರ ಹಿಂದಿನ ಗೋಡೆಯನ್ನೂ ನೋಡಿದರು. "ಯಾರನ್ನ ಎಬ್ಬಿಸ್ಬೇಕು ಹೇಳು, ಎಬ್ಬಿಸ್ತೀನಿ. ಗೋಡೆ ನೋಡ್ಕಂಡು ಹೆಂಗೆ ಕೂಗ್ಲಿ?"

"ನನ್ನನ್ನೇ ಎಬ್ಬಿಸಮ್ಮ. ಐಟಿಐಗೆ ಹೋಗ್ವಾಗ ಎಬ್ಬಿಸ್ತಿದ್ದಲ್ಲ, ಹಂಗೆ."

"ಏಳು! ಏಳೂ!" ಎಂಬ ಕೂಗು ಸೂರಿನ ತಗಡಿಗೆ ಬಡಿಯಿತು. ಕೆಳಗೆ ನಂಜಪ್ಪನವರು ಗಿರಣಿ ನಿಲ್ಲಿಸಿ, ಹಿಟ್ಟಿನ ಮೈಯಲ್ಲೇ ಮೇಲಕ್ಕೆ ಓಡಿ ಬಂದರು. ಯಾರಿಗೆ ಏನಾಯಿತೆಂದು ಅವರಿಗೆ ಗಾಬರಿ.

ಕಳೆದ ಶನಿವಾರ ಎಡವಿದ್ದು ಇದೇ ಮಾತಿನಲ್ಲಿ. ಆತ್ರೇಯ ಮುಂದಿನ ಸೀಟಿನಲ್ಲಿ ಕೂತರು, ಬಿಂದುಶ್ರೀ ಹಿಂದೆ. ಅವರ ನಡುವಿನ ಪದ್ಧತಿ ಇಷ್ಟು: ಹಿಂದಿನವರು ಯಾವ ಗೂಟವೆಂದು ಸಂಖ್ಯೆ ಹೇಳುತ್ತಾರೆ, ಮುಂದಿನವರು ಕೇಳಿಸಿತೆಂದು ಅದನ್ನೇ ತಿರುಗಿ ಹೇಳುತ್ತಾರೆ. ಬಿಂದುಶ್ರೀ "ಆರು" ಎಂದರು. ಆತ್ರೇಯ "ಆರು" ಎಂದು ವಿಮಾನವನ್ನು ಗುರಿಯತ್ತ ಇಳಿಸಿದರು. ಸ್ವಲ್ಪ ಹೆಚ್ಚೇ ಇಳಿಸಿದರು. ಆಗ ದ್ರೌಪದಮ್ಮನವರ ದನಿ ಮೊಳಗಿತು: "ಏಳು! ಏಳೂ!"

ಹಿಂದಿನ ಸೀಟಿನವರು ಆರನೇ ಗೂಟ ಬಿಟ್ಟು ಏಳನೆಯದಕ್ಕೆ ಬದಲಾಯಿಸಿದರೆಂದು, ಆ ದನಿಯನ್ನು ಅದೇ ಮೊದಲು ಕೇಳಿದ ಆತ್ರೇಯ ತಿಳಿದರು. ಪದ್ಧತಿಯಂತೆ ತಿರುಗಿ ಹೇಳಿದರು: "ಸರಿ, ಏಳು." ಅವರು ಎಚ್ಚರಿಕೆ ಕೇಳಿಸಿಕೊಂಡು ವಿಮಾನ ಎಬ್ಬಿಸುತ್ತಿದ್ದಾರೆಂದು ಬಿಂದುಶ್ರೀ ತಿಳಿದರು. ಇಬ್ಬರೂ ನೆಮ್ಮದಿಯಾಗಿದ್ದರು. ವಿಮಾನ ನೇರವಾಗಿ ಹೋಗಿ ಹೊಲಕ್ಕೆ ಕುಕ್ಕಿತು, ತೆರೆಗಳೆಲ್ಲ ಕೆಂಪಾದವು.

ಇಷ್ಟು ದಿನ ಇದು ಯಾಕೆ ಕಾಣಲಿಲ್ಲ? ಮುಂದಿನ ಸೀಟಿನಲ್ಲಿ ಯಾವಾಗಲೂ ಕೂರುತ್ತಿದ್ದವರು ರಾಘವ. ಎಲ್ಲ ಬೆಂಗಳೂರಿಗರ ಹಾಗೆ ಅವರ ಬಾಯಲ್ಲಿ ಸಂಖ್ಯೆ ಬರುವುದು ಇಂಗ್ಲಿಷಿನಲ್ಲೇ. ಏಳನ್ನು ಅವರು 'ಸೆವೆನ್' ಎನ್ನುತ್ತಿದ್ದರು, ಬಿಂದುಶ್ರೀ ಅವರೂ ಹಾಗೇ ಅನ್ನುತ್ತಿದ್ದರು. ಫಲಕ ಪೂರ್ತಿ ಕನ್ನಡದಲ್ಲಿದೆ, ಪರೀಕ್ಷೆಯೂ ಹಾಗೇ ನಡೆಯಲಿ ಎಂದು ಆತ್ರೇಯ ಅವತ್ತು ಸಂಖ್ಯೆಗಳನ್ನೂ ಕನ್ನಡದಲ್ಲೇ ಹೇಳಿಸಿದರು.

ಅವರು ಸಿಟ್ಟಾಗಲಿಲ್ಲ. ಹೆಲ್ಮೆಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಹೇಳಿದರು: "ನೋಡಮ್ಮ, ವಿಮಾನದೊಳಗೆ ಒಂದು ಮಾತಿಗೆ ಒಂದೇ ಅರ್ಥ ಇರ್ಬೇಕು. ಮನೇಲಿ ನಾಲ್ಕಿರ್ಲಿ, ಚೆನ್ನಾಗಿರತ್ತೆ. ಇಲ್ಲಿ ಒಂದೇ. ಇನ್ನೊಂದು ವಾರ ತಗೊಳ್ಳಿ. ಆಗ್ಲಿಲ್ಲ ಅಂದ್ರೆ ಇಂಗ್ಲಿಷ್ ಹಾಕ್ಬಿಡೋಣ."

"ಅವರು ಹೇಳಿದ್ದು ಸರಿಯಾಗೇ ಇತ್ತು. ಅದಕ್ಕೇ ಜಾಸ್ತಿ ನೋವಾಯ್ತು," ಎನ್ನುತ್ತಾರೆ ಬಿಂದುಶ್ರೀ. "ಇಂಗ್ಲಿಷ್ ಬಂದ್ರೆ ನಂಗೇನೂ ಕಷ್ಟ ಇಲ್ಲ ಸರ್, ನನ್ನ ಕೈಗೆ ಎಲ್ಲಾ ಗೊತ್ತು. ಆದ್ರೆ ನನ್ನಂಗೆ ಒಬ್ಬಳು ಬಂದು ಕೂತ್ಲು ಅನ್ಕೊಳಿ. ಫಲಕ ನೋಡಿ, ಇದು ನಂಗಲ್ಲ ಅಂತ ಎದ್ದು ಹೋಗ್ಬಿಡ್ತಾಳೆ. ಮೊದ್ಲನೇ ದಿನ ನಂಗೂ ಹಂಗೇ ಅನ್ನಿಸಿತ್ತು."

ಸೋಮವಾರ ಎಲ್ಲರೂ ಕೂತು ಬೇರೆ ಮಾತು ಹುಡುಕಿದರು. 'ಏಳು' ಬದಲು 'ಎತ್ತು' ಅನ್ನಿಸೋಣ ಎಂದರು ರಾಘವ. ಕಾಫಿ ಕುಡಿಯಲು ಮೇಲೆ ಬಂದಿದ್ದ ನಂಜಪ್ಪನವರು ತಲೆಯಾಡಿಸಿದರು. "ಭವನ ಇರೋದು ಬಯಲುಸೀಮೇಲಿ ಸ್ವಾಮಿ. ಎತ್ತು ಎತ್ತು ಅಂತ ಕೂಗಿದ್ರೆ, ಹೊಲಕ್ಕೆ ಎತ್ತು ನುಗ್ತು ಅಂತ ಎಲ್ಲಾ ಕೆಳಕ್ಕೇ ನೋಡ್ತಾರೆ." 'ಮೇಲೆ' ಎಂದರೆ ಗುರಿಯ ಮೇಲೆ ಎಂದಾದೀತು. 'ಎದ್ದೇಳು' ಎಂದರೆ ಇಂಜಿನ್ ಸದ್ದಿನಲ್ಲಿ ಕೊನೆಯ ತುಂಡು ಮಾತ್ರ ಕೇಳಿಸಿ ಮತ್ತೆ ಏಳಕ್ಕೇ ಬಂದು ನಿಲ್ಲುತ್ತದೆ. ದ್ರೌಪದಮ್ಮನವರನ್ನು ಕರೆಸಿ ಎಲ್ಲವನ್ನೂ ಕೂಗಿಸಿದರು. ಒಂದರಲ್ಲೂ ಮೊದಲಿನ ಕಸುವಿಲ್ಲ.

"ನಾನು ಹೆತ್ತ ಮಗಳನ್ನ ಎತ್ತು ಅಂತ ಹೆಂಗೆ ಎಬ್ಬಿಸ್ಲಿ?" ಎಂದು ಅವರು ಗಾಡಿಯ ಕಡೆ ಹೊರಟುಹೋದರು.

ಬುಧವಾರ ಬೆಳಗ್ಗೆ ಬಿಂದುಶ್ರೀ ಕೆಲಸಕ್ಕೆ ಹೊರಡುವ ಹೊತ್ತಿಗೆ ತಾಯಿ ಬಾಗಿಲಲ್ಲಿ ಮಾರ್ಕೆಟ್ಟಿನಿಂದ ತಂದ ಸೊಪ್ಪನ್ನು ಎಣಿಸಿ ಗಾಡಿಗೆ ಹಾಕುತ್ತಿದ್ದರು. ಹುಟ್ಟಿದಾಗಿನಿಂದ ಕೇಳಿದ ಎಣಿಕೆ. ಕಿವಿಗೆ ಬಿದ್ದರೂ ಯಾವತ್ತೂ ಒಳಗಿಳಿಯದ ಎಣಿಕೆ. "ಲಾಭ... ಎರಡು... ಮೂರು... ನಾಕು... ಐದು... ಆರು... ಹೆಚ್ಚು... ಎಂಟು..."

ಬಿಂದುಶ್ರೀ ಚಪ್ಪಲಿಗೆ ಹಾಕಿದ ಕಾಲನ್ನು ಹಾಗೇ ನಿಲ್ಲಿಸಿದರು.

"ಅಮ್ಮ, ಏಳು ಅಂತ ಯಾಕೆ ಅನ್ನಲ್ಲ ನೀನು?"

"ಬೋಣಿಗೆ ಮುಂಚೆ ಯಾರಾದ್ರೂ ಏಳು ಅಂತಾರಾ? ಏಳು ಅಂದ್ರೆ ಎದ್ದು ಹೋಗು ಅಂತ. ಗಿರಾಕಿ ಎದ್ದು ಹೋಗ್ತಾನೆ. ನಮ್ಮತ್ತೆ ಕಾಲದಿಂದ್ಲೂ ಹೆಚ್ಚು ಅಂತಾನೇ ಅನ್ನೋದು. ನಿಂಗೀಗ ಗೊತ್ತಾಯ್ತಾ?"

ಯಂತ್ರದವರು ನಾಲ್ಕು ದಿನ ತಲೆಕೆಡಿಸಿಕೊಂಡ ತೊಡಕು ಆ ಮನೆಯಲ್ಲಿ ಹಿಂದೆಂದೋ ಎದುರಾಗಿತ್ತು. ಆಗ ಅವರು ಎಬ್ಬಿಸುವ ಮಾತನ್ನು ಎಬ್ಬಿಸುವುದಕ್ಕೇ ಬಿಟ್ಟು, ಸಂಖ್ಯೆಗೆ ಬೇರೆ ಹೆಸರಿಟ್ಟಿದ್ದರು. ಬಿಂದುಶ್ರೀ ಆ ದಿನ ಎರಡು ರಸ್ತೆಯನ್ನು ನಡೆಯಲಿಲ್ಲ, ಓಡಿದರು. ಸಂಜೆಯ ಹೊತ್ತಿಗೆ ಏಳನೇ ಗೂಟದ ಚೀಟಿ ಕಿತ್ತು ಬಂದು, ಆ ಜಾಗದಲ್ಲಿ 'ಹೆ' ಎಂಬ ಒಂದಕ್ಷರ ಕೂತಿತು.

ಇವತ್ತು ಎಂಟು ಗಂಟೆಗೆ ಸರಿಯಾಗಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಆತ್ರೇಯ ಸ್ಕೂಟರಿನ ಹೆಲ್ಮೆಟ್ಟನ್ನು ಕಿಟಕಿಯಲ್ಲಿಟ್ಟು, ಹಾರಾಟದ ಹೆಲ್ಮೆಟ್ಟನ್ನು ಕೈಗೆತ್ತಿಕೊಳ್ಳುತ್ತಾರೆ. ಕೆಳಗಿನಿಂದ ನಂಜಪ್ಪನವರ ಕೂಗು: "ಮೆಣಸಿನಕಾಯಿ ನಾಳೆಗೆ ಇಟ್ಟಿದೀನಿ ಕಣಮ್ಮ! ನಿಮ್ದು ಮುಗಿಯೋಗಂಟ ಬೆಲ್ಟೂ ಹಾಕಲ್ಲ! ಗಿರಾಕಿ ಬೈತಾವ್ನೆ, ಬೈಯ್ಲಿ!"

ಫಲಕವನ್ನು ನೋಡಿದ ಆತ್ರೇಯರ ಹುಬ್ಬು ಮೇಲೇರುತ್ತದೆ. "ಇದೇನಿದು, ಹೆ?"

ಬಿಂದುಶ್ರೀ ಹೇಳುತ್ತಾರೆ. ದನಿ ಸ್ವಲ್ಪ ನಡುಗುತ್ತದೆ; ಕೆಳಗೆ ಬೆಲ್ಟು ಇನ್ನೂ ಓಡುತ್ತಿಲ್ಲ.

"ಮತ್ತೆ ಒಂದಕ್ಕೆ ಲಾಭ ಅಂತೀರಾ?"

"ಅಮ್ಮ ಹಾಕು ಅಂದ್ಲು ಸರ್."

"ಅದು ಬೇಡಮ್ಮ," ಎಂದು ಆತ್ರೇಯ ನಗುತ್ತಾರೆ. "ಸೊಪ್ಪಿಗೆ ಸರಿ. ಬಾಂಬಿಗೆ ಲಾಭ ಅನ್ನೋದು ಚೆನ್ನಾಗಿರಲ್ಲ. ಒಂದು, ಒಂದೇ ಆಗಿರ್ಲಿ. ಬನ್ನಿ, ನೋಡೋಣ."

ಮೊದಲ ಹಾದಿಯಲ್ಲಿ ಎಲ್ಲವೂ ಸಲೀಸು. ಎರಡನೆಯದರಲ್ಲಿ ಆತ್ರೇಯ ಬೇಕೆಂದೇ ಏಳನೇ ಗೂಟ ಕೇಳುತ್ತಾರೆ. "ಹೆಚ್ಚು," ಎನ್ನುತ್ತಾರೆ ಬಿಂದುಶ್ರೀ. "ಹೆಚ್ಚು," ಎಂದು ಮುಂದಿನಿಂದ ಮರುಮಾತು. ವಿಮಾನ ಬೇಕೆಂದೇ ತಗ್ಗುತ್ತದೆ, ಇನ್ನೂ ತಗ್ಗುತ್ತದೆ. ಹೊಲದ ಬದುಗಳು ಒಂದೊಂದಾಗಿ ಕಾಣಿಸುತ್ತವೆ. "ಏಳು! ಏಳೂ!" ತಗಡು ಅದುರುತ್ತದೆ. ಆತ್ರೇಯರ ಕೈ ಹಿಂದಕ್ಕೆಳೆಯುತ್ತದೆ, ತೆರೆಗಳ ತುಂಬ ಆಕಾಶ. ಮೂಲೆಯಲ್ಲಿ ನಿಂತಿದ್ದ ರಾಘವ ಹಿಡಿದಿದ್ದ ಉಸಿರನ್ನು ಬಿಡುತ್ತಾರೆ.

ಮೂರನೇ ಹಾದಿ. ಗೂಟ ಹೇಳಿಯಾಗಿದೆ, ಗುರಿ ಕಟ್ಟಿಯಾಗಿದೆ, ಚಿಲಕ ತೆಗೆದಾಗಿದೆ. ಆತ್ರೇಯ "ಬಿಡು" ಎನ್ನಲು ಬಾಯಿ ತೆರೆದಿದ್ದಾರೆ. ಸುಣ್ಣದ ವೃತ್ತದ ಎಡಗಡೆಯಿಂದ ಬಿಳಿಯ ಚುಕ್ಕೆಗಳು ಜರುಗುತ್ತಿವೆ. ಕಲ್ಲಿನ ಗುಡ್ಡೆಯಿದ್ದಂತಿದೆ, ಆದರೆ ಕಲ್ಲು ಜರುಗುವುದಿಲ್ಲ.

"ಬೇಡ!"

ಬಿಂದುಶ್ರೀ ಅವರ ಬಾಯಲ್ಲಿ ಮಾತು ಮುಗಿಯುವ ಮೊದಲೇ ಕೆಂಪು ಮುಚ್ಚಳ ಟಪ್ಪನೆ ಬಿದ್ದಿದೆ. ವಿಮಾನ ಪಕ್ಕಕ್ಕೆ ಹೊರಳುತ್ತದೆ. ಕೆಳಗೆ ಕುರಿಗಳು ವೃತ್ತವನ್ನು ದಾಟಿಕೊಂಡು ಹೋಗುತ್ತವೆ, ಹಿಂದೆ ಹೊರೆ ಹೊತ್ತ ಹೆಂಗಸು.

ಇಂಜಿನ್ನಿನ ಸದ್ದು ನಿಲ್ಲುತ್ತದೆ. ಮುಂದಿನ ಸೀಟಿನಲ್ಲಿ ಆತ್ರೇಯ ಹೆಲ್ಮೆಟ್ಟು ತೆಗೆಯುತ್ತಾರೆ. ಬಿಂದುಶ್ರೀ ಅವರ ಕೈ ಇನ್ನೂ ಮುಚ್ಚಳದ ಮೇಲಿದೆ.

"ನಮಗೆ ಇದನ್ನ ಕಲಿಸೋಕೆ ಎಷ್ಟೋ ದಿನ ತಗೊಂಡಿದ್ರು," ಎಂದು ಆತ್ರೇಯ ಹಿಂದೆ ತಿರುಗದೆ ಹೇಳುತ್ತಾರೆ. "ಬಿಡೋದನ್ನ ಬೇಗ ಕಲೀತೀವಿ. ಬೇಡ ಅನ್ನೋದು ಬೇಗ ಬರಲ್ಲ." ಆಮೇಲೆ ಏಣಿ ಇಳಿದು, ಫಲಕದ ಮೇಲೆ ಬೆರಳಾಡಿಸುತ್ತಾರೆ. "ಇಂಗ್ಲಿಷು ಪಕ್ಕದಲ್ಲಿ ಸಣ್ಣದಾಗಿ ಇರ್ಲಿ ರಾಘವ, ನಿಜವಾದ ವಿಮಾನದಲ್ಲಿ ಏನಂತಾರೆ ಅಂತ ಬಂದೋರಿಗೆ ಗೊತ್ತಾಗ್ಬೇಕು. ದೊಡ್ಡಕ್ಷರ ಇವರ ಮಾತೇ. ಹೆ ಕೂಡ ಇರ್ಲಿ. ಯಾಕೆ ಅಂತ ಕೇಳ್ತಾರೆ, ಹೇಳೋಕೊಂದು ಕತೆ ಆಯ್ತು."

ಬಿಂದುಶ್ರೀ ಸೊಂಟದ ದುಪಟ್ಟಾ ಬಿಚ್ಚುತ್ತಾರೆ, ಮತ್ತೆ ಕಟ್ಟುತ್ತಾರೆ. "ಕಾಫಿ ತರಿಸ್ಲಾ ಸರ್?" ಎಂದಷ್ಟೇ ಕೇಳುತ್ತಾರೆ. ಕೆಳಗೆ ನಂಜಪ್ಪನವರ ಬೆಲ್ಟು ಓಡಲು ಶುರುವಾಗುತ್ತದೆ. ಕಾಲಡಿಯ ನೆಲ ಸಣ್ಣಗೆ ಗುನುಗುತ್ತದೆ.

ಯಂತ್ರ ಮುಂದಿನ ತಿಂಗಳು ಲಾರಿ ಹತ್ತುತ್ತದೆ. ಅದರ ಜಾಗಕ್ಕೆ ಬರುವುದೇನೆಂದು ಇನ್ನೂ ಗೊತ್ತಾಗಿಲ್ಲ. ಹೆಲಿಕಾಪ್ಟರು ಇರಬಹುದು ಎನ್ನುತ್ತಾರೆ ರಾಘವ. ಬಿಂದುಶ್ರೀ ಅವರಿಗೆ ಅದರ ಚಿಂತೆಯಿಲ್ಲ. ಯಾವುದು ಬಂದರೂ ಅದಕ್ಕೂ ಚಿಲಕ ಇದ್ದೇ ಇರುತ್ತದಂತೆ. ಅವರು ಈವರೆಗೆ ನಿಜವಾದ ವಿಮಾನ ಹತ್ತಿಲ್ಲ, ಹತ್ತಬೇಕೆಂಬ ಆಸೆಯನ್ನೂ ಹೇಳಿಕೊಳ್ಳುವುದಿಲ್ಲ. ಅವರಿಗಿರುವ ಆಸೆ ಇನ್ನೊಂದು. ಭವನ ತೆರೆಯುವ ದಿನ ತಾಯಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಎಲ್ಲರ ಎದುರು ಆ ಸೀಟಿನಲ್ಲಿ ಕೂರಿಸಬೇಕು. ಯಂತ್ರ ಅವರದೇ ದನಿಯಲ್ಲಿ ಕೂಗುವುದನ್ನು ಅವರು ಕೇಳಬೇಕು.

ಒಂಬತ್ತರ ಹೊತ್ತಿಗೆ ರಸ್ತೆಯ ತುದಿಯಲ್ಲಿ ತಳ್ಳುಗಾಡಿ ಕಾಣಿಸುತ್ತದೆ. ಬಿಂದುಶ್ರೀ ಬರಿಗಾಲಿನಲ್ಲೇ ಮೆಟ್ಟಿಲಿಳಿದು ಹೋಗುತ್ತಾರೆ. ಒಪ್ಪಿಕೊಂಡರೆಂಬ ಸುದ್ದಿ ಹೇಳುತ್ತಾರೆ, ಬಸ್ಸಿನ ವಿಚಾರವನ್ನೂ ಅದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ದ್ರೌಪದಮ್ಮನವರು ದಂಟಿನ ಸೊಪ್ಪಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸುವುದಿಲ್ಲ.

"ಹೆಚ್ಚು ಇಟ್ಕಂಡ್ರಾ?"

"ಇಟ್ಕೊಂಡ್ರು."

"ಲಾಭ?"

"ಅದು ಬೇಡ ಅಂದ್ರು."

"ಹೋಗ್ಲಿ, ಲಾಭ ನನ್ನ ಗಾಡೀಲೇ ಇರ್ಲಿ." ಕೈಯ ನೀರನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಮಗಳ ಮುಖವನ್ನು ಒಂದು ಗಳಿಗೆ ನೋಡುತ್ತಾರೆ. "ನನ್ನ ಕೂಗಿಗೆ ನಾನೇ ಏಳೋಕೆ ಅಷ್ಟು ದೂರ ಬಸ್ಸಲ್ಲಿ ಹೋಗ್ಬೇಕಾ? ಆಗ್ಲಿ, ಬರ್ತೀನಿ. ಕಿಟಕ್ಯತ್ರ ಸೀಟು ಹಿಡಿ."